ಬೇಕಾರಿಯ ದಿನಗಳಲ್ಲಿ ದೇಹದ ದುಡಿಮೆ

ಶಿರೂರು ಎಂದೊಡನೆ ನಮ್ಮ ಕರಾವಳಿಯ ಬಂಧುಗಳ ಕಣ್ಣ ಮುಂದೆ ನಿಲ್ಲುವುದು ಬೈಂದೂರಿನಾಚೆಯ ಕಡಲ ಬದಿಯ ಊರು. ಇಲ್ಲವೇ ಉಡುಪಿಯ ಅಷ್ಟಮಠಗಳಲ್ಲೊಂದಾದ ಶಿರೂರು ಮಠ. ಬಾಗಿಲಕೋಟೆಯ ಕಡೆಯವರಿಗೆ ಅದೇ ಹೆಸರಿನ ಅವರದೇ ಊರೊಂದು ನೆನಪಾದೀತು. ಆದರೆ ನಾವೀಗ ಹೇಳಹೊರಟಿರುವ ಶಿರೂರು ಪುಣೆ ಜಿಲ್ಲೆಗೆ ಸೇರಿದ್ದು. ಪುಣೆಯಿಂದ ಅಹಮದನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಎಪ್ಪತ್ತು ಕಿಲೋಮೀಟರಿನೊಳಗೆ ಸಿಗುವ, ಘೋಡ ನದಿಯ ದಂಡೆಯ ಪೇಟೆ. ಇಲ್ಲಿಯ ಹಳಬರು ಊರನ್ನು ಘೋಡನದಿ ಎಂದೇ ಕರೆಯುತ್ತಾರೆ. ಸೇತುವೆ ದಾಟಿದರೆ ಬೇರೆ ಜಿಲ್ಲೆ; ಅಹಮದನಗರವೆಂದಿದ್ದ ಆ ಜಿಲ್ಲೆಯ ಹೆಸರು ೨೦೨೪ರಲ್ಲಿ ಅಹಿಲ್ಯಾನಗರವೆಂದಾಯಿತು. ಒಂದು ಕಾಲಕ್ಕೆ ಇಂಗ್ಲಿಷರ ದಂಡು ಬಿಟ್ಟಿದ್ದ ಸ್ಥಳವಿದು. ಇಂದು ಪುಣೆಯ ಕಡೆಗಿರುವ ರಾಂಜಣಗಾಂವದಲ್ಲಿ ಅಷ್ಟವಿನಾಯಕರಲ್ಲೊಬ್ಬನಾದ ಮಹಾಗಣಪತಿಯೂ ಇದ್ದಾನೆ, ದೊಡ್ಡ ಕೈಗಾರಿಕಾ ವಸಾಹತೂ ಇದೆ. ಹೆದ್ದಾರಿಯ ಹೊಟೇಲುಗಳಲ್ಲಿ, ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ಕಿವಿಗೊಟ್ಟರೆ ನಮ್ಮವರ ಮಾತು ಕೇಳಿಬರುತ್ತದೆ.

ಈ ಊರಿನಲ್ಲಿ ನಾವು ಹತ್ತು ತಿಂಗಳು ಕೆಲಸವಿಲ್ಲದೆ ಕಳೆದೆವು. ಆ ಹತ್ತು ತಿಂಗಳಲ್ಲಿ ಕಲಿತ ಒಂದೆರಡು ಸಂಗತಿಗಳು ಹೊಟೇಲಿನಲ್ಲಿ ದುಡಿಯುವ, ಕಚೇರಿಯಲ್ಲಿ ಕಾರಕೂನಿಕೆ ಮಾಡುವ ನಮ್ಮ ವಾಚಕರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದಾವೆಂಬ ನಂಬುಗೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

೨೦೨೦ರ ಮಾರ್ಚ್ ೨೫ರಂದು ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಾಗ ನಾವು ಪುಣೆಯ ಒಂದು ಹೊಟೇಲಿನಲ್ಲಿ ಗಲ್ಲಾದ ಹಿಂದೆ ಕುಳಿತು ಲೆಕ್ಕ ಬರೆಯುವವರಾಗಿದ್ದೆವು. ಹದಿನೇಳು ವರ್ಷಗಳ ನೌಕರಿ. ಕೆಲವು ತಿಂಗಳ ಮೇಲೆ ಹೊಟೇಲು ತೆರೆಯಿತು. ಆದರೆ ಅರ್ಧ ಜನರಿಗೆ ಮಾತ್ರ ಕರೆ ಬಂತು. ಆ ಅರ್ಧದಲ್ಲಿ ನಮ್ಮ ಹೆಸರಿರಲಿಲ್ಲ. ಧಣಿಗಳನ್ನು ದೂರುವುದು ಇಲ್ಲಿಯ ಉದ್ದೇಶವಲ್ಲ. ಮೇಜುಗಳೇ ಖಾಲಿಯಿದ್ದ ಕಾಲವದು. ಹೆಂಡತಿ ಮಕ್ಕಳು ಊರಿನಲ್ಲಿದ್ದರು. ಬರಿಗೈಯಲ್ಲಿ ಊರಿಗೆ ಹೋಗಲು ಮನಸ್ಸು ಒಪ್ಪಲಿಲ್ಲ. ಶಿರೂರಿನಲ್ಲಿ ನಮ್ಮ ಅಕ್ಕ-ಭಾವ ಇದ್ದರು. ಕಾರ್ಖಾನೆಗಳಿಗೆ ತಿಂಡಿ ಒದಗಿಸುವ ಸಣ್ಣ ವ್ಯವಹಾರ ಭಾವನವರದು. "ಬನ್ನಿ ಭಾವ, ನಾಲ್ಕು ದಿನ ಇಲ್ಲಿರಿ, ಏನಾದರೂ ಆದೀತು" ಎಂದರು. ೨೦೨೦ರ ಡಿಸೆಂಬರದಲ್ಲಿ ಒಂದು ಟ್ರಂಕಿನೊಡನೆ ಶಿರೂರಿನ ಎಸ್.ಟಿ. ಸ್ಟ್ಯಾಂಡಿನಲ್ಲಿ ಇಳಿದೆವು.

ಕಳೆದುಹೋದ ಗಡಿಯಾರ

ಕೆಲಸ ಹೋದ ಮನುಷ್ಯನಿಗೆ ಮೊದಲು ಕಾಡುವುದು ಹಣದ ಚಿಂತೆಯೆಂದು ನಾವು ತಿಳಿದಿದ್ದೆವು. ಹಣದ ಚಿಂತೆ ಇದ್ದೇ ಇತ್ತು. ಆದರೆ ಅದಕ್ಕಿಂತ ಮೊದಲೇ ನಮ್ಮ ಕೈ ಬಿಟ್ಟುಹೋದದ್ದು ಹೊತ್ತಿನ ಪರಿವೆ. ಹದಿನೇಳು ವರ್ಷ ಐದು ಗಂಟೆಗೆ ಎದ್ದ ನಾವು ಏಳಕ್ಕೆ ಎದ್ದೆವು, ಆಮೇಲೆ ಎಂಟಕ್ಕೆ, ಕೊನೆಗೆ ಒಂಬತ್ತಕ್ಕೆ. ಮಧ್ಯಾಹ್ನ ಉಂಡು ಮಲಗಿದರೆ ದೀಪ ಹಚ್ಚುವ ಹೊತ್ತಿಗೆ ಎಚ್ಚರ. ರಾತ್ರಿ ನಿದ್ದೆಯಿಲ್ಲ, ಮೊಬೈಲಿನ ಬೆಳಕಿನಲ್ಲಿ ಎರಡು ಗಂಟೆಯವರೆಗೂ ಕಣ್ಣು ಕೆಂಪಗಾಗಿಸಿಕೊಂಡು ಕೂರುವುದು. ಇಡೀ ದಿನ ಬಿಡುವಿದ್ದರೂ ಊರಿಗೆ ಒಂದು ಫೋನು ಮಾಡಲು ಪುರಸೊತ್ತಾಗುತ್ತಿರಲಿಲ್ಲ. ಮಾಡಿದರೂ "ಇನ್ನೊಂದು ವಾರದಲ್ಲಿ ಕೆಲಸ ಆಗುತ್ತದೆ" ಎಂಬ ಒಂದೇ ಸುಳ್ಳು.

ಇದು ನಮ್ಮೊಬ್ಬರ ಹಣೆಬರಹವೆಂದು ಭಾವಿಸಿದ್ದೆವು. ಹಾಗಲ್ಲವೆಂದು ತಿಳಿದದ್ದು ಬಹಳ ದಿನಗಳ ಮೇಲೆ, ಆಸ್ಟ್ರಿಯಾ ದೇಶದ ಒಂದು ಹಳ್ಳಿಯ ಕಥೆಯನ್ನು ಓದಿದಾಗ. ಆ ಹಳ್ಳಿಯ ಹೆಸರು ಮಾರಿಯೆಂಟಾಲ್. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆಯ ಗಿರಣಿ ೧೯೩೦ರ ಹೊತ್ತಿಗೆ ಮುಚ್ಚಿಹೋಯಿತು. ಮಾರೀ ಯಾಹೋಡಾ ಎಂಬ ವಿದುಷಿ ಹಾಗೂ ಅವರ ಸಂಗಡಿಗರು ಆ ಜನರ ನಡುವೆ ಇದ್ದು ಕಂಡದ್ದನ್ನು ೧೯೩೩ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಕೆಲಸ ಹೋದ ಗಂಡಸರಿಗೆ ಹೊತ್ತು ಧಾರಾಳವಾಗಿತ್ತು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಹೆಚ್ಚಲಿಲ್ಲ, ಬಹಳ ಕಡಿಮೆಯಾಯಿತು. ಬೆಳಗಿನಿಂದ ಏನು ಮಾಡಿದಿರಿ ಎಂದು ಕೇಳಿದರೆ ಅನೇಕರಿಗೆ ಹೇಳಲು ಬರಲಿಲ್ಲ. ಸಂಶೋಧಕರು ಮರೆಯಲ್ಲಿ ಕುಳಿತು ಗಡಿಯಾರ ಹಿಡಿದು ಬೀದಿಯಲ್ಲಿ ಹೋಗುವವರ ನಡಿಗೆಯನ್ನೂ ಅಳೆದರು. ಗಂಡಸರು ನಿಧಾನವಾಗಿ ಹೆಜ್ಜೆಯಿಡುತ್ತ ನಡುನಡುವೆ ನಿಂತುಬಿಡುತ್ತಿದ್ದರು. ಹೆಂಗಸರು ಬೇಗ ನಡೆಯುತ್ತಿದ್ದರು. ಯಾಕೆಂದರೆ ಅವರಿಗೆ ಒಲೆ ಹಚ್ಚುವ, ಮಕ್ಕಳಿಗೆ ಉಣ್ಣಿಸುವ ಹೊತ್ತು ತಪ್ಪಿರಲಿಲ್ಲ.

ನಮ್ಮ ಅಕ್ಕನ ಮನೆಯಲ್ಲಿಯೂ ಹಾಗೆಯೇ ಇತ್ತು. ಅಕ್ಕ ನಾಲ್ಕೂವರೆಗೆ ಎದ್ದು ಇಡ್ಲಿಯ ಹಬೆಯಲ್ಲಿ ನಿಲ್ಲುತ್ತಿದ್ದರು. ತಮ್ಮನೆನ್ನಿಸಿಕೊಂಡ ನಾವು ಒಳಗಿನ ಖೋಲಿಯಲ್ಲಿ ಹೊದ್ದು ಮಲಗಿರುತ್ತಿದ್ದೆವು.

ಅಕ್ಕಿಯ ಚೀಲ

ಗಲ್ಲಾದ ನೌಕರಿಯಲ್ಲಿರುವವರ ಶರೀರ ಹೇಗಿರುತ್ತದೆಂಬುದನ್ನು ನಮ್ಮ ವಾಚಕರಿಗೆ ವರ್ಣಿಸಬೇಕಾಗಿಲ್ಲ. ದಿನಕ್ಕೆ ಹನ್ನೆರಡು ತಾಸು ಕೂರುವುದು, ಎಂಟು ಹತ್ತು ಕಪ್ಪು ಚಹಾ, ಹೊತ್ತಲ್ಲದ ಹೊತ್ತಿನಲ್ಲಿ ಉಳಿದ ವಡೆ, ರಾತ್ರಿ ಹನ್ನೊಂದಕ್ಕೆ ಊಟ. ಸಪ್ಲೈಯರರದು, ಭಟ್ಟಿಯ ಮುಂದೆ ನಿಲ್ಲುವವರದು ಇನ್ನೊಂದು ಬಗೆಯ ಪಾಡು: ನಿಂತು ನಿಂತು ಕಾಲಿನ ರಕ್ತನಾಳಗಳು ಹುರಿಗಟ್ಟುತ್ತವೆ, ಹಿಮ್ಮಡಿ ನೋಯುತ್ತದೆ. ಹೊರಗಿನಿಂದ ನೋಡಿದವರು ಹೊಟೇಲಿನವರಿಗೆ ಊಟದ ಚಿಂತೆಯಿಲ್ಲವೆನ್ನುತ್ತಾರೆ. ಹೊತ್ತಿಗೆ ಸರಿಯಾದ ಊಟ ನಮ್ಮವರಿಗೇ ಇಲ್ಲವೆಂಬುದು ಒಳಗಿದ್ದವರಿಗೆ ಗೊತ್ತು.

೨೦೨೧ರ ಜನವರಿಯ ಒಂದು ಬೆಳಿಗ್ಗೆ ಟೆಂಪೋದಲ್ಲಿ ಅಕ್ಕಿ ಬಂತು. ಭಾವ ಮನೆಯಲ್ಲಿರಲಿಲ್ಲ. ಇಪ್ಪತ್ತೈದು ಕಿಲೋದ ಒಂದು ಚೀಲವನ್ನು ಹೆಗಲಿಗೇರಿಸಿ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ನಮಗೆ ಏದುಸಿರು ಬಂತು, ಕಣ್ಣು ಕತ್ತಲಿಟ್ಟಿತು. ಚೀಲವನ್ನು ಅಲ್ಲಿಯೇ ಇಳಿಸಿ ಗೋಡೆಗೆ ಒರಗಿದೆವು. ಹೈಸ್ಕೂಲಿಗೆ ಹೋಗುವ ಸೋದರಳಿಯ ಬಂದು, "ಬಿಡಿ ಮಾವ, ನಾನು ಒಯ್ಯುತ್ತೇನೆ" ಎಂದು ಚೀಲವನ್ನೆತ್ತಿಕೊಂಡು ಒಳಗೆ ಹೋದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅಕ್ಕನೂ ಏನೂ ಹೇಳಲಿಲ್ಲ. ಒಂದು ಲೋಟ ನೀರು ತಂದುಕೊಟ್ಟರು, ಅಷ್ಟೇ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಿದೆವು. ೧೫೦ಕ್ಕೆ ೯೬. ತೂಕ ೮೪ ಕಿಲೋ. ವಯಸ್ಸು ನಲವತ್ತಮೂರು. ವೈದ್ಯರು ಉಪ್ಪು, ಎಣ್ಣೆ ಕಡಿಮೆ ಮಾಡಲು ಹೇಳಿ, ದಿನವೂ ನಡೆಯಬೇಕೆಂದರು. ತಿಂಗಳ ಮೇಲೆ ಮತ್ತೆ ಬರಲು ಹೇಳಿದರು.

ಮೈಸೂರು ಸೀಮೆಯಿಂದ ಪುಣೆಗೆ

ಈ ಸಂದರ್ಭದಲ್ಲಿ ನಮಗೆ ಧೈರ್ಯ ತಂದದ್ದು ನಮ್ಮ ನಾಡಿನಿಂದಲೇ ಪುಣೆಗೆ ಬಂದ ಒಬ್ಬ ಮಹನೀಯರ ಜೀವನ. ಬಿ. ಕೆ. ಎಸ್. ಅಯ್ಯಂಗಾರ್ ಅವರ ಹೆಸರನ್ನು ಕೇಳದವರು ವಿರಳ. ಆದರೆ ಅವರ ಹೆಸರು ಜಗತ್ತಿಗೆ ತಿಳಿಯುವ ಮುಂಚಿನ ವರ್ಷಗಳು ಹೇಗಿದ್ದವೆಂಬುದನ್ನು ನಮ್ಮಲ್ಲಿ ಅನೇಕರು ಅರಿಯರು.

ಅವರು ಹುಟ್ಟಿದ್ದು ೧೯೧೮ರ ಡಿಸೆಂಬರ್ ೧೪ರಂದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಅದು ಇನ್‌ಫ್ಲುಯೆಂಜಾ ಮಹಾಮಾರಿ ಜಗತ್ತನ್ನೇ ನಡುಗಿಸಿದ ಕಾಲ. ತಾಯಿಗೂ ಆ ಜ್ವರ ತಗುಲಿತ್ತು. ಹದಿಮೂರು ಮಕ್ಕಳಲ್ಲಿ ಹನ್ನೊಂದನೆಯವರು. ಒಂಬತ್ತನೆಯ ವಯಸ್ಸಿನಲ್ಲಿ ಶಾಲಾಮಾಸ್ತರರಾಗಿದ್ದ ತಂದೆ ತೀರಿಹೋದರು. ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಮೇಲೊಂದು ಬಂದು ಹುಡುಗನ ಕೈಕಾಲು ಕಡ್ಡಿಯಂತಾಗಿದ್ದವು. ೧೯೩೪ರಲ್ಲಿ ಮೈಸೂರಿನಲ್ಲಿದ್ದ ಭಾವ, ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು, ಹುಡುಗನನ್ನು ತಮ್ಮ ಮನೆಗೆ ಕರೆಸಿಕೊಂಡರು. ಅಕ್ಕ-ಭಾವನ ಮನೆಯ ಆಶ್ರಯವೆಂದರೇನೆಂಬುದು ನಮಗೂ ತಿಳಿದಿದ್ದುದರಿಂದ ಈ ಸಂಗತಿ ನಮ್ಮ ಮನಸ್ಸಿಗೆ ಹತ್ತಿರವಾಯಿತು. ಆದರೆ ಅವರ ಭಾವನವರು ನಮ್ಮ ಭಾವನಂತೆ ಮೃದುವಲ್ಲ. ಬಹಳ ಕಠಿಣ ಗುರು.

೧೯೩೭ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದಲ್ಲಿ ಯೋಗ ಕಲಿಸಲು ಆರು ತಿಂಗಳ ಕರಾರಿನ ಮೇಲೆ ಅವರನ್ನು ಕಳುಹಿಸಿದರು. ಹದಿನೆಂಟರ ತರುಣ. ಮರಾಠಿ ಬಾರದು. ಮೆಟ್ರಿಕ್ ದಾಟದ ಅವರಿಗೆ ಇಂಗ್ಲಿಷೂ ಅಷ್ಟಕ್ಕಷ್ಟೇ. ಕಲಿಯಲು ಬಂದವರು ಕಾಲೇಜಿನ ಹುಡುಗರು; ವಿದ್ಯೆಯಲ್ಲಿ, ಮೈಕಟ್ಟಿನಲ್ಲಿ ಮೇಷ್ಟರಿಗಿಂತ ಮಿಗಿಲಾದವರು. ಕರಾರು ಮುಂದುವರಿಯುತ್ತ ಹೋಗಿ, ಕೆಲವು ವರ್ಷಗಳಲ್ಲಿ ಮುಗಿದುಹೋಯಿತು. ಆಮೇಲೆ ಸ್ಥಿರವಾದ ಆದಾಯವಿಲ್ಲ. ಒಬ್ಬಿಬ್ಬರಿಗೆ ಪಾಠ ಹೇಳಲು ಊರ ತುಂಬ ಸೈಕಲ್ ತುಳಿಯಬೇಕಾಗಿತ್ತು. ಅರೆಹೊಟ್ಟೆಯಲ್ಲಿ ಕಳೆದ ದಿನಗಳೂ ಇದ್ದವು. ಆ ದಿನಗಳಲ್ಲಿಯೇ ಅವರು ದಿನಕ್ಕೆ ಹತ್ತು ತಾಸಿನವರೆಗೂ ಆಸನಗಳನ್ನು ಅಭ್ಯಾಸ ಮಾಡಿದರು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ೧೯೫೨ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬಯಿಯಲ್ಲಿ ಅವರನ್ನು ಕಂಡು ಶಿಷ್ಯರಾದರು. ೧೯೬೬ರಲ್ಲಿ 'ಲೈಟ್ ಆನ್ ಯೋಗ' ಎಂಬ ಗ್ರಂಥ ಹೊರಬಂತು. ೧೯೭೫ರಲ್ಲಿ ಮಡದಿ ರಮಾಮಣಿಯವರ ಹೆಸರಿನಲ್ಲಿ ಪುಣೆಯಲ್ಲಿ ಯೋಗಸಂಸ್ಥೆ ತೆರೆಯಿತು. ಆರು ತಿಂಗಳಿಗೆಂದು ಬಂದವರು ೨೦೧೪ರ ಆಗಸ್ಟ್ ೨೦ರಂದು ಕಣ್ಮುಚ್ಚುವವರೆಗೂ ಪುಣೆಯವರಾಗಿಯೇ ಉಳಿದರು. ಆದರೆ ಬೆಳ್ಳೂರನ್ನು ಮರೆಯದೆ ಅಲ್ಲಿ ಶಾಲೆ ಕಟ್ಟಿಸಿದರು.

ನಾವು ಅವರಂತಾಗಲು ಹೊರಡಲಿಲ್ಲ. ಅಂತಹ ಹುಚ್ಚು ನಮಗಿಲ್ಲ. ಅವರ ಜೀವನದಲ್ಲಿ ನಾವು ಕಂಡುಕೊಂಡದ್ದು ಒಂದೇ ಮಾತು: ಬೇರೆಯವರು ಕೊಡುವ ಕೆಲಸ ನಿಂತುಹೋದಾಗ ಅವರು ತಮ್ಮ ದೇಹಕ್ಕೆ ತಾವೇ ಕೆಲಸ ಕೊಟ್ಟರು. ಅದಕ್ಕೆ ಬಂಡವಾಳ ಬೇಡ, ಶಿಫಾರಸು ಬೇಡ, ಮರಾಠಿಯೂ ಬೇಡ.

ಹೊಳೆಯ ದಾರಿ

ಮೊದಲ ದಿನ ಐದೂವರೆಗೆ ಎದ್ದು ಸೇತುವೆಯವರೆಗೆ ಹೋಗಿ ಬಂದೆವು. ಇಷ್ಟಕ್ಕೇ ಮೊಣಕಾಲು ಹಿಡಿದುಕೊಂಡಿತು. ಕರಾವಳಿಯ ಬೆವರಿಗೆ ಒಗ್ಗಿದ ಮೈಗೆ ಇಲ್ಲಿಯ ಜನವರಿಯ ಒಣ ಚಳಿ ಹೊಸದು, ತುಟಿ ಒಡೆಯಿತು. ಒಂದು ವಾರ ಹಾಗೆಯೇ ನಡೆದ ಮೇಲೆ ಸೇತುವೆ ದಾಟಿ ಆಚೆಯ ಜಿಲ್ಲೆಯಲ್ಲಿ ಒಂದು ಚಹಾ ಕುಡಿಯದೆ ಹಿಂತಿರುಗುವುದೆಂದು ನೇಮ ಮಾಡಿಕೊಂಡೆವು. ಚಹಾ ಬಿಡುವುದೇ ನಡಿಗೆಗಿಂತ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇವೆ.

ನಡಿಗೆಯೆಂಬುದು ಈ ಸೀಮೆಗೆ ಹೊಸದಲ್ಲ. ೧೮೧೭ರ ಡಿಸೆಂಬರ್ ೩೧ರ ರಾತ್ರಿ ಇದೇ ಶಿರೂರಿನಿಂದ ಹೊರಟ ಕಂಪನಿ ಸರಕಾರದ ಸಿಪಾಯಿಗಳು ರಾತ್ರಿಯಿಡೀ ನಡೆದು, ಮರುದಿನ ಕೋರೆಗಾಂವದಲ್ಲಿ ಪೇಶ್ವೆಯ ಸೈನ್ಯಕ್ಕೆ ಎದುರಾದರು. ಇದೇ ಜಿಲ್ಲೆಯ ಆಳಂದಿಯಿಂದ ವಾರಕರಿಗಳು ಪ್ರತಿ ಆಷಾಢಕ್ಕೆ ಸುಮಾರು ಇನ್ನೂರೈವತ್ತು ಕಿಲೋಮೀಟರ್ ನಡೆದು ಪಂಢರಪುರಕ್ಕೆ ಹೋಗುತ್ತಾರೆ. ನಾವು ಇಲ್ಲಿದ್ದ ೨೦೨೧ರಲ್ಲಿ ಸೋಂಕಿನ ಭಯದಿಂದ ಆ ಮಹಾನಡಿಗೆಯೂ ನಿಂತು, ಪಾದುಕೆಗಳು ಬಸ್ಸಿನಲ್ಲಿ ಹೋದವು. ವರ್ಷವರ್ಷವೂ ನಡೆಯುತ್ತಿದ್ದ ಮುದುಕರೊಬ್ಬರು ಹೊಳೆಯ ದಂಡೆಯಲ್ಲಿ ಬೆಳಗ್ಗೆ ನಮಗೆ ಸಿಗುತ್ತಿದ್ದರು. ಪಂಢರಪುರದ ದಾರಿ ಮುಚ್ಚಿದ್ದರಿಂದ ಅಷ್ಟೇ ಹೆಜ್ಜೆಗಳನ್ನು ಇಲ್ಲಿಯೇ ನಡೆದು ವಿಠ್ಠಲನಿಗೆ ಲೆಕ್ಕ ಒಪ್ಪಿಸುತ್ತೇನೆಂದು ಅವರು ಹೇಳುತ್ತಿದ್ದರು. ಲೆಕ್ಕ ಬರೆಯುವವರಾದ ನಮಗೆ ಆ ಮಾತು ಬಹಳ ಹಿಡಿಸಿತು. ಅಂದಿನಿಂದ ಹಳೆಯ ಒಂದು ವಹಿಯಲ್ಲಿ ದಿನದ ಹೊತ್ತು, ದೂರ ಬರೆದಿಡತೊಡಗಿದೆವು.

ಒಂದು ಎಚ್ಚರಿಕೆಯ ಮಾತು. ಶಿರೂರು ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳಿವೆ. ಮನುಷ್ಯರ ಜೀವಹಾನಿಯಾದ ಹಳ್ಳಿಗಳೂ ಇವೆ. ಆದುದರಿಂದ ಈ ಕಡೆ ಇರುವ ನಮ್ಮವರು ಕತ್ತಲಲ್ಲಿ ಕಬ್ಬಿನ ಬದುವಿನ ಮೇಲೆ ಒಂಟಿಯಾಗಿ ನಡೆಯಬಾರದು. ಪೇಟೆಯೊಳಗಿನ ದಾರಿ ಹಿಡಿಯುವುದು, ಬೆಳಕು ಹರಿದ ಮೇಲೆ ಹೊರಡುವುದು, ಇಬ್ಬರು ಮೂವರು ಕೂಡಿ ಹೋಗುವುದು ಉತ್ತಮ.

ಎಷ್ಟು ನಡೆಯಬೇಕೆಂದು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದ ಲೆಕ್ಕ ಹೀಗಿದೆ: ಪ್ರಾಯದವರು ವಾರಕ್ಕೆ ೧೫೦ರಿಂದ ೩೦೦ ನಿಮಿಷ ಚುರುಕಾಗಿ ನಡೆಯುವಂತಹ ಶ್ರಮ ಮಾಡಬೇಕು, ಅದಲ್ಲದೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮವಿರಬೇಕು. ಅಂದರೆ ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ನಡೆದರೂ ಮೊದಲ ಮೆಟ್ಟಿಲು ಹತ್ತಿದಂತಾಯಿತು.

ತಾಲೀಮು ಮತ್ತು ಕುರ್ಚಿ

ನಮ್ಮಲ್ಲಿ ಗರಡಿಯೆಂದು ಕರೆಯುವುದನ್ನು ಇಲ್ಲಿ ತಾಲೀಮು ಎನ್ನುತ್ತಾರೆ. ಅದೇ ಕೆಂಪು ಮಣ್ಣು, ಅದೇ ಹನುಮಂತ. ಫೆಬ್ರವರಿಯಲ್ಲಿ ಒಂದು ಸಣ್ಣ ತಾಲೀಮಿನ ಬಾಗಿಲಲ್ಲಿ ಹೋಗಿ ನಿಂತೆವು. ಅಲ್ಲಿಯ ವಸ್ತಾದರು ನಮ್ಮ ಹೊಟ್ಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ, "ಯಾ ಅಣ್ಣಾ" ಎಂದು ಕರೆದರು. ಮರಾಠಿಯವರು ಹೊಟೇಲಿನವರನ್ನೆಲ್ಲ ಅಣ್ಣಾ ಎನ್ನುವುದನ್ನು ನಾವು ಹದಿನೇಳು ವರ್ಷ ಕೇಳಿದ್ದೆವು. ಬಿಲ್ಲು ಕೇಳದೆ ಹಾಗೆ ಕರೆದವರು ಇವರೇ ಮೊದಲು.

ನಾವು ಮುದ್ಗರ ತಿರುಗಿಸಬೇಕೆಂದು ಹೋಗಿದ್ದೆವು. ಅವರು ಕೈಗೆ ಗುದ್ದಲಿ ಕೊಟ್ಟರು. ಹದಿನೈದು ದಿನ ಅಖಾಡದ ಮಣ್ಣನ್ನು ಅಗೆದು ಹದಮಾಡುವುದೇ ಕೆಲಸ. ಕುಸ್ತಿಯ ಮಣ್ಣಿಗೆ ಅರಿಸಿನ, ಎಣ್ಣೆ, ಮಜ್ಜಿಗೆ ಬೆರೆಸಿ ಮೃದುವಾಗಿಡುತ್ತಾರೆ. ಅದನ್ನು ಅಗೆಯುವುದು ಬೆನ್ನಿಗೂ ತೋಳಿಗೂ ಒಳ್ಳೆಯ ವ್ಯಾಯಾಮ. ಆಮೇಲೆ ಐದು ಬಸ್ಕಿ, ಮೂರು ದಂಡ. ಮರುದಿನ ಮೆಟ್ಟಿಲಿಳಿಯುವಾಗ ತೊಡೆಗಳು ನಮ್ಮವಲ್ಲವೆನ್ನಿಸಿತು. ವಾರಕ್ಕೆ ಎರಡು ಮೂರರಂತೆ ಏರಿಸುತ್ತ, ಒಮ್ಮೆಲೇ ಆವೇಶಪಡದಿರುವುದು ಆ ವಸ್ತಾದರ ಪದ್ಧತಿ. ವಯಸ್ಸಾದ ಮೇಲೆ ಆರಂಭಿಸುವವನು ಇಪ್ಪತ್ತರ ಹುಡುಗನೊಡನೆ ಪಂಥ ಕಟ್ಟಬಾರದೆಂಬುದು ಅವರ ಕಟ್ಟಪ್ಪಣೆ.

ಏಪ್ರಿಲಿನಲ್ಲಿ ಸೋಂಕಿನ ಎರಡನೆಯ ಅಲೆ ಎದ್ದಿತು. ತಾಲೀಮು ಮುಚ್ಚಿತು, ಹೊಳೆಯ ದಾರಿಯೂ ನಿಂತಿತು. ಭಾವನ ವ್ಯವಹಾರವೂ ಕುಂಟಿತು. ಮೊದಲಿನ ನಾವಾಗಿದ್ದರೆ ಮತ್ತೆ ಹೊದಿಕೆಯೊಳಗೆ ಸೇರುತ್ತಿದ್ದೆವು. ಆಗ ನೆರವಿಗೆ ಬಂದದ್ದು ಅಯ್ಯಂಗಾರ್ ಅವರ ಪದ್ಧತಿ. ಬಗ್ಗದ ಮೈಯವರೂ, ಮುದುಕರೂ, ರೋಗಿಗಳೂ ಆಸನ ಮಾಡಲೆಂದು ಅವರು ಗೋಡೆ, ಹಗ್ಗ, ಮರದ ಇಟ್ಟಿಗೆ, ಪಟ್ಟಿ, ಕುರ್ಚಿ ಮೊದಲಾದ ಸಾಮಾನುಗಳ ಆಸರೆಯನ್ನು ಬಳಕೆಗೆ ತಂದರು. ನಮ್ಮಲ್ಲಿ ಭಾವನ ಕ್ಯಾಂಟೀನಿನ ಒಂದು ಕಬ್ಬಿಣದ ಕುರ್ಚಿ ಇತ್ತು. ಅದರ ಬೆನ್ನು ಹಿಡಿದು ಮುಂದಕ್ಕೆ ಬಾಗುವುದು, ಗೋಡೆಗೆ ಬೆನ್ನೊತ್ತಿ ನಿಲ್ಲುವುದು, ಮಲಗಿ ಕಾಲುಗಳನ್ನು ಕುರ್ಚಿಯ ಮೇಲಿಡುವುದು. ಈ ಕೊನೆಯದನ್ನು ದಿನವಿಡೀ ನಿಂತು ದುಡಿಯುವ ಸಪ್ಲೈಯರ್ ಬಂಧುಗಳು ರಾತ್ರಿ ಹತ್ತು ನಿಮಿಷ ಮಾಡಿ ನೋಡಲಿ; ಕಾಲಿನ ಭಾರ ಇಳಿಯುವುದು ತಿಳಿಯುತ್ತದೆ.

ಬೆಳಗ್ಗೆ ಮಾಳಿಗೆಯ ಮೇಲೆ ಸೂರ್ಯನಮಸ್ಕಾರ. ಇದನ್ನು ಮನೆಮನೆಗೆ ಮುಟ್ಟಿಸಲು ಬಹಳ ದುಡಿದವರು ಮಹಾರಾಷ್ಟ್ರದ ಔಂಧ್ ಸಂಸ್ಥಾನದ ಅರಸರಾದ ಭವಾನರಾವ್ ಪಂತ ಪ್ರತಿನಿಧಿಗಳು. ಮೂರರಿಂದ ಹಿಡಿದು ಎರಡು ತಿಂಗಳಲ್ಲಿ ನಾವು ಇಪ್ಪತ್ತನಾಲ್ಕಕ್ಕೆ ಬಂದೆವು. ರಕ್ತದೊತ್ತಡ, ಮಧುಮೇಹ, ಎದೆನೋವು ಇರುವವರು ಮಾತ್ರ ವೈದ್ಯರನ್ನು ಕೇಳದೆ ಇವನ್ನೆಲ್ಲ ಆರಂಭಿಸಬಾರದು.

ಊಟದ ಲೆಕ್ಕ

ಕುಳಿತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದೆಂದು ಗಾದೆ. ಕೆಲಸವಿಲ್ಲದವನ ಊಟ ಅಗ್ಗವಾಗಿರಬೇಕು, ಬಲವೂ ಕೊಡಬೇಕು. ಈ ಊರಿನ ಜನ ಉಣ್ಣುವುದನ್ನೇ ಉಂಡರೆ ಎರಡೂ ಸಾಧ್ಯವೆಂದು ನಮಗೆ ತಿಳಿಯಿತು. ಜೋಳದ ಅಥವಾ ಸಜ್ಜೆಯ ಭಾಕರಿ, ಮೆಂತೆಸೊಪ್ಪಿನ ಪಲ್ಯ, ಕಡಲೆಹಿಟ್ಟಿನ ಪಿಠಲೆ, ಮೊಳಕೆ ಬರಿಸಿದ ಮಡಕಿ ಕಾಳು, ಒಂದು ಹಿಡಿ ಶೇಂಗಾ. ಉತ್ತರ ಕರ್ನಾಟಕದ ಬಂಧುಗಳಿಗೆ ಇದು ಮನೆಯೂಟ. ಕುಚ್ಚಲಕ್ಕಿ ಗಂಜಿಯವರಾದ ನಮಗೆ ಮೊದಲ ತಿಂಗಳು ಭಾಕರಿ ಗಂಟಲಲ್ಲಿ ಇಳಿಯಲಿಲ್ಲ. ಅಕ್ಕ ಗಂಜಿಯನ್ನು ರಾತ್ರಿಗೂ ಭಾಕರಿಯನ್ನು ಮಧ್ಯಾಹ್ನಕ್ಕೂ ಇಟ್ಟು ರಾಜಿ ಮಾಡಿದರು. ಚಹಾ ಎರಡಕ್ಕಿಳಿಯಿತು. ಕರಿದ ತಿಂಡಿ ಭಾನುವಾರಕ್ಕೆ ಸೀಮಿತವಾಯಿತು. ರಾತ್ರಿಯ ಊಟ ಎಂಟರೊಳಗೆ ಮುಗಿಯತೊಡಗಿದಾಗ ನಿದ್ದೆ ತಾನಾಗಿ ಮರಳಿತು. ಜುಲೈಯಲ್ಲಿ ತೂಕ ೭೬ಕ್ಕೆ ಬಂತು, ಒತ್ತಡವೂ ಇಳಿದಿತ್ತು.

ಊರಿನ ಭಾಷೆ, ಊರಿನ ಜನ

ಮೈ ಹಗುರಾದಂತೆ ನಾಚಿಕೆಯೂ ಹಗುರಾಯಿತು. ಮೊದಲು ಕನ್ನಡಿಗರು ಸಿಕ್ಕಾರೆಂಬ ಭಯದಿಂದ ಹೆದ್ದಾರಿಯ ಹೊಟೇಲುಗಳ ಕಡೆ ಹೋಗುತ್ತಿರಲಿಲ್ಲ, "ಈಗ ಎಲ್ಲಿದ್ದೀರಿ?" ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಆಮೇಲೆ "ಸದ್ಯಕ್ಕೆ ಕೆಲಸವಿಲ್ಲ, ಎಲ್ಲಿಯಾದರೂ ಇದ್ದರೆ ತಿಳಿಸಿ" ಎಂದು ನೇರವಾಗಿ ಹೇಳಲು ಕಲಿತೆವು. ಊರಿಗೂ ನಿಜ ಹೇಳಿದೆವು. ಹೆಂಡತಿ, "ನಮಗೆ ಆವಾಗಲೇ ಗೊತ್ತಿತ್ತು, ನೀವಾಗಿ ಹೇಳಲೆಂದು ಕಾದೆ" ಎಂದಾಗ ಫೋನು ಹಿಡಿದ ಕೈ ನಡುಗಿತು.

ಪುಣೆಯಲ್ಲಿ ಹದಿನೇಳು ವರ್ಷವಿದ್ದೂ ನಮ್ಮ ಮರಾಠಿ ಗಲ್ಲಾದ ಮರಾಠಿಯೇ ಆಗಿತ್ತು: ಎಷ್ಟಾಯಿತು, ಚಿಲ್ಲರೆ ಕೊಡಿ, ಇಷ್ಟೇ. ಬೇಕಾರಿಯ ದಿನಗಳಲ್ಲಿ ಸೋದರಳಿಯನ ಶಾಲೆಯ ಪುಸ್ತಕ ಹಿಡಿದು ಓದಲು ಕುಳಿತೆವು. ಅಣ್ಣ, ಅಕ್ಕ, ಅಜ್ಜಿ ಎಂಬ ನಮ್ಮ ಮಾತುಗಳು ಚೂರು ಬದಲಾಗಿ ಅಲ್ಲಿಯೂ ಇವೆ. ಪಂಢರಪುರದ ವಿಠ್ಠಲನನ್ನು ಮರಾಠಿ ಸಂತರೇ ಕನ್ನಡದವನೆಂದು ಹಾಡಿದ್ದಾರೆ. ಹೀಗಿರುವಾಗ ಪರಕೀಯರೆಂಬ ಅಳುಕು ನಮಗೇಕೆ? ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ಕಪ್ಪು-ಬಶಿ ತೊಳೆದ ನಮ್ಮ ಹಿರಿಯರು ರಾತ್ರಿ ಅಕ್ಷರ ಕಲಿತು ಮುಂದೆ ಬಂದರು. ಅವರಿಗೆ ಹೊತ್ತಿರಲಿಲ್ಲ, ಆದರೂ ಕಲಿತರು. ಹೊತ್ತೇ ಹೊತ್ತಿದ್ದ ನಮಗೆ ಕಲಿಯದಿರಲು ಸಬೂಬು ಉಳಿಯಲಿಲ್ಲ.

ಕೆಲಸ ತಪ್ಪಿದವರು ತಮ್ಮ ಹಕ್ಕಿನ ವಿಚಾರವನ್ನೂ ಮರೆಯಬಾರದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೊಟೇಲು, ಅಂಗಡಿ, ಕಾರ್ಖಾನೆಗಳ ನೌಕರರಲ್ಲಿ ಅನೇಕರು ಇ.ಎಸ್.ಐ. 
ವಿಮೆಗೆ ಒಳಪಟ್ಟವರು. ಅಂತಹವರಿಗಾಗಿ ೨೦೧೮ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಆರಂಭವಾಯಿತು. ಕೆಲಸ ಹೋದಾಗ ೯೦ ದಿನಗಳವರೆಗೆ ವೇತನದ ಒಂದು ಪಾಲು ಕೊಡುವ ಏರ್ಪಾಡು. ೨೦೨೦ರಲ್ಲಿ ಆ ಪಾಲನ್ನು ಕಾಲಂಶದಿಂದ ಅರ್ಧಕ್ಕೆ ಏರಿಸಿದರು. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹತ್ತಿರದ ಕಚೇರಿಯಲ್ಲಿಯೇ ವಿಚಾರಿಸಬೇಕು. ನಾವು ಲೆಕ್ಕ ಬರೆಯುವವರಾಗಿದ್ದೂ ನಮ್ಮ ಹೆಸರು ಆ ವಿಮೆಯಲ್ಲಿದೆಯೇ ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ವಾಚಕರು ಈ ತಪ್ಪು ಮಾಡದಿರಲಿ. ಕೆಲಸವಿರುವಾಗಲೇ ತಮ್ಮ ವಿಮೆಯ ಸಂಖ್ಯೆ, ಭವಿಷ್ಯನಿಧಿಯ ಸಂಖ್ಯೆ ಬರೆದಿಟ್ಟುಕೊಳ್ಳಲಿ.

ಕೊನೆಯ ಮಾತು

೨೦೨೧ರ ಅಕ್ಟೋಬರದಲ್ಲಿ ರಾಂಜಣಗಾಂವದ ಒಂದು ಕ್ಯಾಂಟೀನಿನ ಉಗ್ರಾಣದಲ್ಲಿ ನಮಗೆ ಕೆಲಸ ಸಿಕ್ಕಿತು. ಮೈ ಗಟ್ಟಿಯಾದುದರಿಂದ ಕೆಲಸ ಸಿಕ್ಕಿತೆಂದರೆ ಸುಳ್ಳಾದೀತು. ಸಿಕ್ಕಿದ್ದು ಭಾವನ ಪರಿಚಯದಿಂದ. ಸಂಬಳವೂ ಹಿಂದಿನದಕ್ಕಿಂತ ಕಡಿಮೆ. ಆದರೆ ಆ ಕೆಲಸದಲ್ಲಿ ಬರಿಯ ಲೆಕ್ಕವಿರಲಿಲ್ಲ. ಬೆಳಗಿನ ಐದಕ್ಕೆ ಬರುವ ಟೆಂಪೋದಿಂದ ಅಕ್ಕಿ, ಬೇಳೆ, ಎಣ್ಣೆಯ ಡಬ್ಬಿಗಳನ್ನು ಇಳಿಸಿಕೊಂಡು ತೂಗಿ ಒಳಗಿಡಬೇಕಾಗಿತ್ತು. ಜನವರಿಯಲ್ಲಿ ಈ ಕೆಲಸ ಬಂದಿದ್ದರೆ ನಾವು ಒಪ್ಪಿಕೊಳ್ಳಲು ಆಗುತ್ತಿರಲಿಲ್ಲ. ಬಂದ ಕೆಲಸವನ್ನು ಹಿಡಿಯುವ ಮಟ್ಟಿಗೆ ದೇಹವನ್ನು ಸಿದ್ಧವಾಗಿಟ್ಟುಕೊಂಡೆವು. ಬೇಕಾರಿಯ ಹತ್ತು ತಿಂಗಳ ಗಳಿಕೆಯೆಂದರೆ ಇದೇ.

ಕೆಲಸವಿಲ್ಲದವರಿಗೆ ಬುದ್ಧಿಮಾತು ಹೇಳುವವರು ಬಹಳ. ಅವರಿಗೆ ನಾವು ಇನ್ನೇನನ್ನೂ ಹೇಳಹೋಗುವುದಿಲ್ಲ. ಕೆಲಸವಿರುವ ವಾಚಕರಲ್ಲಿ ಒಂದು ವಿನಂತಿ ಮಾತ್ರ. ನಿಮ್ಮ ಖೋಲಿಯಲ್ಲಿ, ನಿಮ್ಮ ಹೊಟೇಲಿನ ಮಾಳಿಗೆಯಲ್ಲಿ ಕೆಲಸ ತಪ್ಪಿ ಬಂದ ಊರಿನ ಹುಡುಗನೊಬ್ಬ ಹೊದ್ದು ಮಲಗಿದ್ದರೆ, ಎಲ್ಲಿಯವರೆಗೆ ಇರುತ್ತೀಯೆಂದು ಕೇಳಬೇಡಿ. ಬೆಳಗ್ಗೆ ನೀವು ಏಳುವ ಹೊತ್ತಿಗೆ ಅವನನ್ನೂ ಎಬ್ಬಿಸಿ. ಬಾಗಿಲ ಬಳಿ ಅವನ ಚಪ್ಪಲಿಯನ್ನು ಹೊರಮುಖವಾಗಿ ಇಟ್ಟು, "ಬಾ ಮಾರಾಯ, ಹೊಳೆಯವರೆಗೆ ಹೋಗಿ ಬರೋಣ" ಎನ್ನಿ. ನಮ್ಮ ಅಳಿಯ ಒಂದು ವಾರ ನಮಗೆ ಹಾಗೆಯೇ ಮಾಡಿದ್ದ. ಎಂಟನೆಯ ದಿನ ಅವನು ಏಳುವ ಮೊದಲೇ ನಾವು ಎದ್ದಿದ್ದೆವು.